ಬಟ್ಟೆಗೆ ಬಿಟ್ಟ ಜಾಗ

ಮಾರ್ಚ್ 3, ಸೋಮವಾರ

ಬೈಯಲು ಎದುರಿಗೆ ಯಾರೂ ಇಲ್ಲ, ಅದಕ್ಕೇ ಇಲ್ಲಿ ಬರೆಯುತ್ತಿದ್ದೇನೆ. ಅಮ್ಮ ಟಿ.ವಿ. ಮುಂದೆ ಕೂತಿದ್ದಾಳೆ. ಈಗ ಬಾಯಿ ತೆಗೆದರೆ ಅವಳೇ ನನ್ನನ್ನು ಬೈಯುತ್ತಾಳೆ.

ಇವತ್ತು ಅಂಗಡಿಗೆ ಹೋಟೆಲಿನ ಯಜಮಾನಿ ಬಂದಿದ್ದರು. ಬಸ್ ನಿಲ್ದಾಣದ ಎದುರು ಹೊಸ ಹೋಟೆಲು ತೆರೆಯುತ್ತಿದ್ದಾರಂತೆ. ಒಂದು ಹಾಲ್ ತುಂಬ ಕುರ್ಚಿ ಬೇಕು. ಮರದ ಕುರ್ಚಿ, ಮೆತ್ತನೆಯ ಸೀಟು. ಸೀಟು ನಾನು ಮಾಡಿಕೊಡುತ್ತೇನೆ, ಕುರ್ಚಿ ಬೇರೆ ಕಡೆ ಮಾಡಿಸಿಕೊಳ್ಳಿ ಅಂದೆ. ಅವರು ತಲೆ ಅಲ್ಲಾಡಿಸಿದರು.

"ಹಾಗಾಗಲ್ಲಮ್ಮ. ನಾಳೆ ಸೀಟು ಕಿತ್ತು ಬಂದ್ರೆ ನೀನು ಮರದವನನ್ನ ತೋರಿಸ್ತೀಯ, ಮರದವನು ನಿನ್ನನ್ನ ತೋರಿಸ್ತಾನೆ. ನಾನು ಯಾರ ಜುಟ್ಟು ಹಿಡೀಲಿ? ಇಬ್ಬರೂ ಒಟ್ಟಿಗೆ ಬನ್ನಿ. ಇಲ್ಲಾಂದ್ರೆ ಹೇಳು, ಫರ್ನಿಚರ್ ಶೋರೂಮಿಗೆ ಹೋಗ್ತೀನಿ."

ಶೋರೂಮ್. ಆ ಮಾತು ಕಿವಿಗೆ ಬಿದ್ದರೆ ಸಾಕು, ಮೈಯೆಲ್ಲ ಉರಿಯುತ್ತದೆ. ಅಪ್ಪ ಹೋದ ಮೇಲೆ ಈ ಕುಶನ್ ಅಂಗಡಿಯನ್ನು ಅಣ್ಣನೂ ನಾನೂ ಒಟ್ಟಿಗೆ ನಡೆಸುತ್ತಿದ್ದೆವು. ಹೊಲಿಗೆ ನನ್ನದು, ಗಿರಾಕಿಗಳ ಜೊತೆ ನಗುವುದು ಅವನದು. ಒಂದು ದಿನ ಶೋರೂಮಿನವರು ಮ್ಯಾನೇಜರ್ ಮಾಡುತ್ತೇವೆ ಬಾ ಅಂದರು, ಇವನು ಹೊರಟ. ಹೋಗುವಾಗ ಒಬ್ಬನೇ ಹೋಗಿದ್ದರೆ ಸುಮ್ಮನಿರುತ್ತಿದ್ದೆನೇನೋ. ಅಪ್ಪನ ಕಾಲದ ಗಿರಾಕಿಗಳನ್ನೆಲ್ಲ ಹಿಂದೆ ಕಟ್ಟಿಕೊಂಡು ಹೋದ. ಒಡಹುಟ್ಟಿದವನೇ ಹೀಗೆ ಮಾಡಿದ ಮೇಲೆ ಇನ್ನು ಈ ಜನ್ಮದಲ್ಲಿ ಯಾರ ಜೊತೆಯೂ ಪಾಲು ಬೇಡ ಎಂದು ಅವತ್ತೇ ತೀರ್ಮಾನಿಸಿದ್ದೆ.

ಆದರೆ ಹಳೇ ಸೋಫಾ ರಿಪೇರಿ ಮಾಡಿಸುವವರೇ ಈಗ ಇಲ್ಲ. ಹರಿದರೆ ಬೀದಿಗೆಸೆದು ಹೊಸದು ತರುತ್ತಾರೆ. ಹೋಟೆಲಿನ ಕೆಲಸವೂ ಕೈತಪ್ಪಿದರೆ ಅಂಗಡಿಗೆ ಬೀಗವೇ. ಆಮೇಲೆ? "ನಮ್ಮಲ್ಲಿ ಒಂದು ಹೊಲಿಗೆ ಮೆಷಿನ್ ಖಾಲಿ ಇದೆ, ಬಂದುಬಿಡು" ಎಂದು ಅಣ್ಣ ಆಗಲೇ ಕರೆದಿದ್ದಾನೆ. ಅವನ ಕೈಕೆಳಗೆ, ಅವನ ಗಾಜಿನ ರೂಮಿನ ಹೊರಗೆ ಕೂತು ನಾನು ಹೊಲಿಯಬೇಕು! ಅದಕ್ಕಿಂತ ಬೀದಿ ಗುಡಿಸುತ್ತೇನೆ.

ಊಟಕ್ಕೆ ಕೂತಾಗ ಅಮ್ಮ ಹೇಳಿದಳು, "ಹಿಂದಿನ ಓಣಿ ಮರಗೆಲಸದ ಮೇಸ್ತ್ರೀನ ಕೇಳು. ಅವನಿಗೆ ಬಾಯಿ ಇಲ್ಲ, ಕೈ ಚೆನ್ನಾಗಿದೆ. ನಿನಗೆ ಬಾಯಿಗೇನೂ ಕಮ್ಮಿ ಇಲ್ಲವಲ್ಲ, ಜೋಡಿ ಸರಿಹೋಗತ್ತೆ."

ತಟ್ಟೆ ಬಿಟ್ಟು ಎದ್ದೆ. ಹಸಿವಾಯಿತು, ಮತ್ತೆ ಬಂದು ಕೂತೆ.

ಮಾರ್ಚ್ 4, ಮಂಗಳವಾರ

ಹೋಗಿದ್ದೆ. ಹಿಂದಿನ ಓಣಿಯಲ್ಲಿ ತಗಡಿನ ಬಾಗಿಲಿನ ಉದ್ದ ಶೆಡ್ಡು. ಗೋಡೆಗೆ ಒರಗಿಸಿದ ಹಲಗೆಗಳು, ನೆಲದ ತುಂಬ ಮರದ ಸಿಪ್ಪೆ. ಮೇಸ್ತ್ರಿ ಕೀಸುಳಿ ಹಿಡಿದು ಹಲಗೆ ನುಣುಪು ಮಾಡುತ್ತಿದ್ದ. ನಾನು ಹೋಟೆಲಿನ ವಿಷಯ, ಯಜಮಾನಿಯ ಷರತ್ತು, ಇರುವ ಗಡುವು ಎಲ್ಲ ಹೇಳಿದೆ. ಕೀಸುಳಿ ನಿಲ್ಲಲಿಲ್ಲ. ಕೊನೆಗೆ ತಲೆಯೆತ್ತಿ, "ಹೂಂ" ಅಂದ.

"ಹೂಂ ಅಂದ್ರೆ? ಮಾಡ್ತೀರೋ ಇಲ್ವೋ?"

"ಮಾಡೋಣ ಅಕ್ಕಾ."

ಅಕ್ಕನಂತೆ! ನನಗಿಂತ ಹತ್ತು ವರ್ಷವಾದರೂ ದೊಡ್ಡವನಿದ್ದಾನೆ. ತಲೆಯಲ್ಲಿ ಒಂದು ಕಪ್ಪು ಕೂದಲಿಲ್ಲ. ನಾನು ಅಕ್ಕನಾದರೆ ಇವನೇನು ತೊಟ್ಟಿಲಲ್ಲಿದ್ದಾನೆಯೇ?

ಷರತ್ತುಗಳನ್ನು ನಾನೇ ಹೇಳಿದೆ. ಮರದ ಕೆಲಸಕ್ಕೆ ನಾನು ಮೂಗು ತೂರಿಸುವುದಿಲ್ಲ, ಬಟ್ಟೆ ಕೆಲಸಕ್ಕೆ ನೀವು ಬರಬಾರದು. ಅದಕ್ಕೂ ಒಂದು ಹೂಂ.

ಮಾರ್ಚ್ 9, ಭಾನುವಾರ

ಅಣ್ಣ ಮನೆಗೆ ಬಂದಿದ್ದ. ಅಮ್ಮನನ್ನು ನೋಡಲು ಬರುತ್ತಾನಂತೆ. ಬಂದು ಮನೆಯಲ್ಲಿಟ್ಟ ನನ್ನ ಮೆಷಿನ್ ನೋಡುತ್ತಾನೆ, ನನ್ನ ಫೋಮ್ ಒತ್ತಿ ನೋಡುತ್ತಾನೆ.

"ಮೇಸ್ತ್ರಿ ಜೊತೆ ಸೇರಿದ್ದೀಯಂತೆ? ನೋಡು, ನಾನು ನಿನ್ನ ಒಳ್ಳೇದಕ್ಕೇ ಹೇಳ್ತೀನಿ, ಪಾಲುಗಾರಿಕೆ ನಿನ್ನ ಗುಣಕ್ಕೆ ಒಗ್ಗಲ್ಲ."

ನನ್ನ ಗುಣ! ಬಿಟ್ಟು ಹೋದವನು ಅವನು, ಒಗ್ಗದ ಗುಣ ನನ್ನದು. ಏನಾದರೂ ಎಸೆಯೋಣ ಎಂದು ಸುತ್ತ ನೋಡಿದೆ. ಕೈಗೆ ಸಿಕ್ಕಿದ್ದು ಕುಶನ್ ಒಂದೇ. ಅದನ್ನು ಎಸೆದರೆ ಯಾರಿಗೆ ನೋಯುತ್ತದೆ?

ಮಾರ್ಚ್ 15, ಶನಿವಾರ

ಮೇಸ್ತ್ರಿ ರಟ್ಟಿನಲ್ಲಿ ಸೀಟಿನ ಅಳತೆ ಕತ್ತರಿಸಿ ಕೊಟ್ಟ. ಇದರ ಪ್ರಕಾರ ನಾನು ಪ್ಲೈವುಡ್ ಕೊಯ್ಯಬೇಕು, ಮೇಲೆ ಫೋಮ್ ಇಟ್ಟು ಬಟ್ಟೆ ಎಳೆದು ಕೆಳಗೆ ಪಿನ್ ಹೊಡೆಯಬೇಕು. ಹಾಗೆ ಸಿದ್ಧವಾದ ಸೀಟು ಮೇಲಿನಿಂದ ಇಳಿದು ಕುರ್ಚಿಯ ಚೌಕಟ್ಟಿನೊಳಗೆ ಭದ್ರವಾಗಿ ಕೂರಬೇಕು.

ಇದರಲ್ಲಿ ಒಂದು ಸೂಕ್ಷ್ಮವಿದೆ. ಬಟ್ಟೆ ಸುತ್ತಿದ ಮೇಲೆ ಹಲಗೆ ದಪ್ಪವಾಗುತ್ತದೆ. ಅದಕ್ಕೇ ಹಲಗೆಯನ್ನು ಸುತ್ತಲೂ ಒಂದು ಎಳೆ ಚಿಕ್ಕದಾಗಿ ಕೊಯ್ಯಬೇಕು. ಬಟ್ಟೆಗೆ ಜಾಗ ಬಿಡುವುದು ಅನ್ನುತ್ತಿದ್ದರು ಅಪ್ಪ. ಬಡಗಿಗಳಿಗೆ ಇದೆಲ್ಲಿ ತಿಳಿಯಬೇಕು? ಮರದ ಅಳತೆ ಕೊಟ್ಟು ಕೈ ತೊಳೆದುಕೊಳ್ಳುತ್ತಾರೆ. ರಟ್ಟಿಗಿಂತ ಒಂದು ಎಳೆ ಒಳಗೇ ಗೆರೆ ಎಳೆದು ಕೊಯ್ದೆ.

ರಟ್ಟು ಕೊಟ್ಟು ಹೊರಡುವಾಗ ಅವನು ತಲೆ ಕೆರೆದುಕೊಂಡು, "ಅಕ್ಕಾ, ಮೊದಲು ಒಂದು ಸೀಟು ಕೂರಿಸಿ ನೋಡೋಣ್ವಾ?" ಅಂದ.

"ಯಾಕೆ, ನನ್ನ ಕೆಲಸದ ಮೇಲೆ ನಂಬಿಕೆ ಇಲ್ವಾ? ಅಪ್ಪನ ಕಾಲದಿಂದ ಮಾಡ್ತಿದ್ದೀನಿ."

ಹೂಂ ಅಂದ. ಕೆಲಸ ಶುರುವಾಗಿ ಎರಡು ವಾರವಾಗಿಲ್ಲ, ಆಗಲೇ ಪರೀಕ್ಷೆ ಮಾಡಲು ಹೊರಟಿದ್ದಾನೆ. ಇನ್ನೊಂದು. ನಾನು ಹೋದಾಗಲೆಲ್ಲ ಆ ಮನುಷ್ಯ ಶೆಡ್ಡು ಗುಡಿಸುತ್ತಿರುತ್ತಾನೆ. ನನ್ನ ತಲೆ ಕಂಡ ಕೂಡಲೇ ಪೊರಕೆ ಹಿಡಿಯುತ್ತಾನೆ. ಬಟ್ಟೆಯ ಥಾನು ಇಟ್ಟುಕೊಂಡು ನಾನು ಬಾಗಿಲಲ್ಲೇ ಕಾಯಬೇಕು. ಕೆಲಸ ಮಾಡುವುದು ಯಾವಾಗಲೋ!

ಮಾರ್ಚ್ 27, ಗುರುವಾರ



ಸೀಟುಗಳನ್ನೆಲ್ಲ ತಳ್ಳುಗಾಡಿಯಲ್ಲಿ ಹೇರಿಕೊಂಡು ಶೆಡ್ಡಿಗೆ ಹೋದೆ. ಮೊದಲನೆಯದನ್ನು ಚೌಕಟ್ಟಿನೊಳಗೆ ಇಟ್ಟೆ. ಬೆರಳು ತಾಗಿಸಿದರೆ ಆ ಕಡೆ ಸರಿಯಿತು, ಬಿಟ್ಟರೆ ಈ ಕಡೆ. ಎರಡನೆಯದೂ ಹಾಗೆ. ಮೂರನೆಯದರ ಮೇಲೆ ಕೂತು ನೋಡಿದೆ, ಒಂದು ಮೂಲೆ ಒಳಗಿಳಿದು ನಾನು ವಾಲಿಬಿಟ್ಟೆ. ಒಂದೊಂದು ಸೀಟೂ ಅಲ್ಲಾಡುವ ಹಲ್ಲಿನ ಹಾಗೆ ಲೊಡಲೊಡ. ಮುಂದಿನ ವಾರ ಹೋಟೆಲು ತೆರೆಯಬೇಕು!

"ಏನ್ರೀ ಇದು? ಚೌಕಟ್ಟು ದೊಡ್ಡದು ಮಾಡಿದ್ದೀರ!"

ಅವನು ಟೇಪು ಹಿಡಿದು ಚೌಕಟ್ಟು ಅಳೆದ, ಆಮೇಲೆ ನನ್ನ ಸೀಟು ಅಳೆದ, ಆಮೇಲೆ ರಟ್ಟು. ಮುಖ ಸಣ್ಣದಾಯಿತು.

"ರಟ್ಟಲ್ಲೇ ಬಟ್ಟೆಗೆ ಜಾಗ ಬಿಟ್ಟಿದ್ದೆ ಅಕ್ಕಾ. ನೀವೂ ಬಿಟ್ರಾ?"

"ಬಿಡದೆ? ಅದು ನನ್ನ ಕೆಲಸ! ನಿಮಗೆ ಬಿಡೋಕೆ ಯಾರು ಹೇಳಿದ್ದು?"

"ಮೊದಲು ಒಬ್ಬ ಕುಶನ್‌ನವನು ಬರ್ತಿದ್ದ. ಜಾಗಾನೇ ಬಿಡ್ತಿರ್ಲಿಲ್ಲ. ಸುತ್ತಿಗೇಲಿ ಹೊಡೆದು ಹೊಡೆದು ಕೂರಿಸ್ತಿದ್ದ, ಬೆರಳೆಲ್ಲ ಜಜ್ಜಿಕೊಳ್ತಿದ್ದ. ನಿಮಗೆ ಹಾಗಾಗೋದು ಬೇಡ ಅಂತ..."

"ನನ್ನ ಬೆರಳಿನ ಚಿಂತೆ ನಿಮಗೆ ಯಾಕೆ? ಒಂದು ಮಾತು ಹೇಳೋಕೆ ಏನಾಗಿತ್ತು? ಬಾಯಿಗೆ ಮೊಳೆ ಹೊಡ್ಕೊಂಡಿದ್ದೀರಾ?"

ಇನ್ನೂ ಏನೇನೋ ಅಂದೆ. ಓಣಿಯಲ್ಲಿ ಕಿಟಕಿಗಳು ತೆರೆದುಕೊಂಡವು. ನಿಮ್ಮಂಥವರನ್ನು ನಂಬಿ ನನ್ನ ಅಂಗಡಿ ಮುಳುಗಿತು ಅಂದೆ. ನಾಳೆಯಿಂದ ನಿಮ್ಮ ಮುಖ ನೋಡುವುದಿಲ್ಲ ಅಂದೆ. ಅವನು ಟೇಪು ಮಡಿಸಿಕೊಂಡು ನಿಂತೇ ಇದ್ದ. ಒಂದು ಸಲ, ಒಂದೇ ಒಂದು ಸಲ ತಿರುಗಿ ಬೈದಿದ್ದರೆ ನನಗೆ ಅರ್ಧ ಸಮಾಧಾನವಾಗುತ್ತಿತ್ತು.

ಮಾರ್ಚ್ 28, ಶುಕ್ರವಾರ

ಯಾರ ಮುಖವನ್ನೂ ನೋಡಲಿಲ್ಲ. ಅಮ್ಮನದನ್ನೂ.

ಮಾರ್ಚ್ 29, ಶನಿವಾರ

ಅಂಗಡಿಯ ಬಾಗಿಲು ತೆಗೆಯುವಷ್ಟರಲ್ಲಿ ಮೇಸ್ತ್ರಿ ಮೆಟ್ಟಿಲ ಮೇಲೆ ಕೂತಿದ್ದ. ತೊಡೆಯ ಮೇಲೆ ತೆಳ್ಳಗೆ ಸೀಳಿದ ಮರದ ಪಟ್ಟಿಗಳ ಕಟ್ಟು. ಇವನ್ನು ಚೌಕಟ್ಟಿನ ಒಳಗೆ ಅಂಟಿಸಿದರೆ ಸಂದು ಮುಚ್ಚುತ್ತದೆಯಂತೆ. ಯಾವಾಗ ಸೀಳಿದನೋ, ಕಣ್ಣು ಕೆಂಪಗಿತ್ತು.

ಪಟ್ಟಿ ಹಿಡಿದು ನೋಡಿದೆ. ಸಂದು ಮುಚ್ಚುವುದೇನೋ ನಿಜ, ಆದರೆ ತೇಪೆ ಹಾಕಿದ ಹಾಗೆ ಕಾಣುತ್ತದೆ. ಅಷ್ಟು ಚೆಂದದ ಚೌಕಟ್ಟಿಗೆ ತೇಪೆಯೇ?

"ಬೇಡ. ನಿಮ್ಮ ಮರ ಮುಟ್ಟಬೇಡಿ. ಬಟ್ಟೆ ಬಿಚ್ಚಿ ಹಲಗೆ ಅಂಚಿಗೆ ಫೆಲ್ಟ್ ಪಟ್ಟಿ, ಆ ದಪ್ಪ ಉಣ್ಣೆ ಬಟ್ಟೇದು, ಅಂಟಿಸ್ತೀನಿ. ಮತ್ತೆ ಬಟ್ಟೆ ಎಳೀತೀನಿ."

"ಅಷ್ಟೂ ಪಿನ್ನು ಕೀಳ್ಬೇಕಲ್ಲ ಅಕ್ಕಾ."

"ಕೀಳ್ತೀನಿ."

"ನಾನು ಕೀಳ್ತೀನಿ."

ದಿನವಿಡೀ ಅವನ ಶೆಡ್ಡಿನಲ್ಲಿ ಕೂತೆವು. ಅವನು ಇಕ್ಕಳ ಹಿಡಿದು ಪಿನ್ನು ಕೀಳುವುದು, ನಾನು ಫೆಲ್ಟ್ ಅಂಟಿಸಿ ಮತ್ತೆ ಹೊಡೆಯುವುದು. ಮೊದಮೊದಲು ಜೋರಾಗಿ ಎಳೆದು ಬಟ್ಟೆಯ ನೂಲು ಕಿತ್ತುಹಾಕಿದ, ಚೆನ್ನಾಗಿ ಬೈದೆ. ಆಮೇಲೆ ಹೂವು ಕೀಳುವ ಹಾಗೆ ಕೀಳತೊಡಗಿದ. ಒಂದೊಂದು ಸೀಟನ್ನೂ ಅದರದರ ಕುರ್ಚಿಗೆ ಇಳಿಸಿ ನೋಡಿದೆವು. ಅಂಗೈಯಿಂದ ಒತ್ತಿದರೆ ಉಸಿರು ಬಿಟ್ಟ ಹಾಗೆ ಸಣ್ಣ ಸದ್ದು, ಅಲ್ಲಾಡಿಸಿದರೆ ಅಲ್ಲಾಡುವುದಿಲ್ಲ. ನಾಳೆಯೂ ಹೋಗಬೇಕು, ನಾಡಿದ್ದೂ.

ಬೆಳಿಗ್ಗೆಯಿಂದ ಮೇಸ್ತ್ರಿಯವರು ಗುಡಿಸಿದ್ದೇ ಗುಡಿಸಿದ್ದು. ಇವತ್ತು ತಿಳಿಯಿತು, ಮರದ ಪುಡಿ ನನ್ನ ಬಟ್ಟೆಗೆ ಹತ್ತಬಾರದಂತೆ. ಅದನ್ನೂ ಹೇಳಿರಲಿಲ್ಲ. ಬಾಯಿ ಬಿಟ್ಟರೆ ಮುತ್ತು ಉದುರುತ್ತದೆಯೇ ಈ ಮನುಷ್ಯನಿಗೆ?

ಏಪ್ರಿಲ್ 4, ಶುಕ್ರವಾರ

ಹೋಟೆಲು ತೆರೆಯಿತು. ಕುರ್ಚಿಗಳು ಸಾಲಾಗಿ ಕೂತಿದ್ದವು. ಯಜಮಾನಿ ಒಂದರ ಮೇಲೆ ಕೂತು, ಕೈಯಾಡಿಸಿ, "ಬಟ್ಟೆ ತುಂಬಾ ಚೆನ್ನಾಗಿದೆ ಕಣಮ್ಮ" ಅಂದರು. ಬಂದವರೂ ಅದನ್ನೇ ಅಂದರು. ಬಟ್ಟೆ, ಬಣ್ಣ, ಎಷ್ಟು ಮೆತ್ತಗಿದೆ.

ನನಗೆ ಸಿಟ್ಟು ನೆತ್ತಿಗೇರಿತು. ಕಣ್ಣೇನು ಕಾಣುವುದಿಲ್ಲವೇ ಇವರಿಗೆ? ಒಂದು ಮೊಳೆ ಹೊಡೆಯದೆ ಮೇಸ್ತ್ರಿ ಕಾಲನ್ನೂ ಬೆನ್ನನ್ನೂ ಕೂಡಿಸಿದ್ದಾರೆ, ಕೂಡಿಸಿದ ಜಾಗ ಉಗುರಿಟ್ಟು ಹುಡುಕಿದರೂ ಸಿಗುವುದಿಲ್ಲ. ಒಬ್ಬರಾದರೂ ಕುರ್ಚಿ ಮಗುಚಿ ನೋಡಬಾರದೇ! ಕೊನೆಗೆ ನಾನೇ ಒಂದು ಕುರ್ಚಿ ತಲೆಕೆಳಗೆ ಮಾಡಿ ಯಜಮಾನಿಗೆ ತೋರಿಸಿದೆ. ಊಟ ಮಾಡುತ್ತಿದ್ದವರು ತಿರುಗಿ ನೋಡಿದರು. ಮೇಸ್ತ್ರಿ ಬಾಗಿಲ ಬಳಿ ನಿಂತು ಕಾಲ ಬೆರಳು ನೋಡಿಕೊಳ್ಳುತ್ತಿದ್ದರು.

ವಾಪಸು ಬರುವಾಗ, "ಅಷ್ಟೆಲ್ಲ ಯಾಕೆ ಅಕ್ಕಾ" ಅಂದರು.

"ನೀವು ಸುಮ್ನಿರಿ" ಅಂದೆ. ಸುಮ್ಮನೆ ಇದ್ದವರಿಗೆ ಸುಮ್ಮನಿರಿ ಅಂದೆನಲ್ಲ ಎಂದು ಮನೆಗೆ ಬಂದ ಮೇಲೆ ಹೊಳೆಯಿತು.

ಏಪ್ರಿಲ್ 16, ಬುಧವಾರ

ಆ ಹೋಟೆಲಿನಲ್ಲಿ ಊಟ ಮಾಡಿದ ಡಾಕ್ಟರೊಬ್ಬರು ಅಂಗಡಿ ಹುಡುಕಿಕೊಂಡು ಬಂದರು. ಅವರ ಕ್ಲಿನಿಕ್ಕಿನಲ್ಲಿ ರೋಗಿಗಳು ಕಾಯುವುದಕ್ಕೆ ಉದ್ದನೆಯ ಬೆಂಚುಗಳು ಬೇಕಂತೆ. ಒಳ್ಳೆಯ ಮನುಷ್ಯ, ಆದರೆ ಒಂದು ಮಾತು ಅಂದು ಕೆಡಿಸಿದರು.

"ಮರ ಸಾಧಾರಣ ಇದ್ರೂ ನಡೆಯತ್ತೆ. ಮೇಲೆ ಕುಶನ್ ಬರತ್ತಲ್ಲ, ಯಾರು ನೋಡ್ತಾರೆ?"

"ಚರ್ಮ ಚೆನ್ನಾಗಿದ್ರೆ ಮೂಳೆ ಹೇಗಿದ್ರೂ ನಡೆಯತ್ತಾ ಡಾಕ್ಟ್ರೇ?" ಅಂದೆ. "ನಮ್ಮ ಕೆಲಸ ಹಾಗಿಲ್ಲ."

ಕೆಲಸ ಕೈಬಿಟ್ಟು ಹೋಯಿತು ಅಂದುಕೊಂಡೆ. ಅವರು ಜೋರಾಗಿ ನಕ್ಕು, ಮುಂದಿನ ವಾರ ಬಂದು ಅಳತೆ ತೆಗೆಯಿರಿ ಅಂದರು. ನಗುವಂಥದ್ದೇನಿತ್ತೋ.

ಏಪ್ರಿಲ್ 20, ಭಾನುವಾರ

ಅಣ್ಣ ಬಂದಿದ್ದ. ಈ ಸಲ ಮುಖದ ತುಂಬ ನಗು. ಹೋಟೆಲಿನ ಯಜಮಾನಿ ಮಹಡಿಯ ಮೇಲೆ ಇನ್ನೊಂದು ಹಾಲ್ ಕಟ್ಟಿಸುತ್ತಿದ್ದಾರೆ, ಮೊದಲಿನದರ ಎರಡರಷ್ಟು. ಕುರ್ಚಿಯ ಕೆಲಸ ಶೋರೂಮಿಗೇ ಕೊಟ್ಟಿದ್ದಾರಂತೆ, ಆದರೆ ಸೀಟು ಮಾತ್ರ ನನ್ನ ಕೈಯದೇ ಆಗಬೇಕಂತೆ.

"ಫ್ರೇಮು ಫ್ಯಾಕ್ಟರಿಯಿಂದ ಬರತ್ತೆ, ನೀನು ಕುಶನ್ ಮಾಡು. ನಿನ್ನ ಅಂಗಡೀಲೇ ಮಾಡು, ನನ್ನ ಕೈಕೆಳಗೇನೂ ಬರ್ಬೇಡ. ಹಳೇ ಗಿರಾಕಿಗಳನ್ನೂ ವಾಪಸ್ ಕಳಿಸ್ತೀನಿ. ವರ್ಷಪೂರ್ತಿ ಕೆಲಸ. ಆ ಮೇಸ್ತ್ರಿ ಸಹವಾಸ ಒಂದು ಬಿಟ್ಟುಬಿಡು, ಅವನು ಒಂದು ಕುರ್ಚಿ ಮಾಡೋ ಹೊತ್ತಿಗೆ ಫ್ಯಾಕ್ಟರೀಲಿ ನೂರು ಬರತ್ತೆ."

ಕಳೆದ ತಿಂಗಳು ಇದೇ ಮಾತು ಬಂದಿದ್ದರೆ ಅಮ್ಮನನ್ನು ಎತ್ತಿಕೊಂಡು ಕುಣಿಯುತ್ತಿದ್ದೆನೋ ಏನೋ. ಇವತ್ತು ಕೈಯಲ್ಲಿದ್ದ ಲೋಟ ನೆಲಕ್ಕೆ ಕುಕ್ಕಿದೆ. ಬಿಟ್ಟುಬಿಡಬೇಕಂತೆ! ಬಿಡುವುದು ಎಷ್ಟು ಸಲೀಸು ಇವನಿಗೆ! ಆಗುವುದಿಲ್ಲ ಅಂದೆ. ಯೋಚನೆ ಮಾಡು, ಮುಂದಿನ ವಾರ ಬರುತ್ತೇನೆ ಅಂದ. ಯೋಚನೆ ಮಾಡುವುದಕ್ಕೆ ಇದೇನು ಲೆಕ್ಕದ ಪರೀಕ್ಷೆಯೇ?

ಮೇಸ್ತ್ರಿಗೆ ಈ ವಿಷಯ ಹೇಳುವುದಿಲ್ಲ. ಹೇಳಿದರೆ ತಮ್ಮಿಂದಾಗಿ ನನಗೆ ನಷ್ಟವಾಯಿತು ಎಂದು ಕೊರಗುತ್ತಾರೆ. ನಾಳೆ ಅವರಿಗೇ ಎಲ್ಲಾದರೂ ಇದಕ್ಕಿಂತ ಒಳ್ಳೆಯ ಕೆಲಸ ಸಿಕ್ಕರೆ ನನ್ನ ಮುಲಾಜಿಗೆ ಬಿದ್ದು ಹೋಗದೇ ಇರುತ್ತಾರೆ. ಯಾಕೆ ಬೇಕು?

ಏಪ್ರಿಲ್ 27, ಭಾನುವಾರ

ಅಣ್ಣ ಮತ್ತೆ ಬಂದ, ಮತ್ತೆ ಆಗುವುದಿಲ್ಲ ಅಂದೆ. ಅವನ ನಗು ಹೋಯಿತು.

"ಇಬ್ಬರೂ ಒಂದೇ ಅಚ್ಚಿನಲ್ಲಿ ಎರಕ ಹೊಯ್ದ ಹಾಗಿದ್ದೀರ! ಅವನೂ ಹೀಗೇ ತಲೆ ಆಡಿಸಿ ಕಳಿಸಿದ!"

"ಯಾರು?"

ಬಾಯಿ ತಪ್ಪಿ ಬಂದ ಮಾತು. ಇನ್ನು ಮುಚ್ಚಿಡುವುದಕ್ಕೆ ಆಗಲಿಲ್ಲ, ಹೇಳಿದ. ಸೀಟು ಲೊಡಲೊಡ ಅಂದ ದಿನ, ನಾನು ಓಣಿಗೆಲ್ಲ ಕೇಳುವ ಹಾಗೆ ಬೈದು ಬಂದೆನಲ್ಲ, ಅವತ್ತು ಸಂಜೆಯೇ ಇವನು ಶೆಡ್ಡಿಗೆ ಹೋಗಿದ್ದನಂತೆ. ಕುರ್ಚಿಗಳನ್ನು ನಮಗೆ ಕೊಟ್ಟುಬಿಡು, ನಮ್ಮವರು ಬೇರೆ ಸೀಟು ಹಾಕಿ ಹೋಟೆಲಿಗೆ ಕೊಡುತ್ತಾರೆ, ನಿನಗೆ ಶೋರೂಮಿನಲ್ಲಿ ಖಾಯಂ ಕೆಲಸ, ಹೇಗೂ ನನ್ನ ತಂಗಿ ನಿನ್ನ ಮುಖ ನೋಡುವುದಿಲ್ಲ ಅಂದಿದ್ದಾಳಲ್ಲ ಎಂದು ಕೇಳಿದನಂತೆ.

"ಅದಕ್ಕೆ ಏನಂದ್ರು?"

"ಏನಂತಾನೆ? ಆ ಕುರ್ಚಿಗೆ ಸೀಟು ಅಕ್ಕಂದು ಅಂದ. ಆಮೇಲೆ ಎಷ್ಟು ಮಾತಾಡಿಸಿದ್ರೂ ಹಲಗೆ ಸೀಳ್ತಾನೇ ಇದ್ದ."

ತೆಳ್ಳಗಿನ ಪಟ್ಟಿಗಳು. ಅವತ್ತು ಸಂಜೆ ಸೀಳುತ್ತಿದ್ದದ್ದು ಅವೇ.

ನನ್ನ ಸ್ವಂತ ಅಣ್ಣ, ನನ್ನ ಅಂಗಡಿ ಮುಳುಗಲಿ ಎಂದು ಓಣಿಗೆ ಹೋಗಿ ಕೈ ಚಾಚಿದ್ದ. ಹೋಗು ಅಂದೆ. ಕೂಗಲಿಲ್ಲ, ಅದೇ ನನಗೆ ಆಶ್ಚರ್ಯ. ಅಮ್ಮ ಎದ್ದು ಹೋಗಿ ಬಾಗಿಲು ತೆಗೆದು ಹಿಡಿದಳು. ಮಗನಿಗೆ ಅವಳು ಹಾಗೆ ಬಾಗಿಲು ತೆಗೆದು ಹಿಡಿದದ್ದನ್ನು ನಾನು ಯಾವತ್ತೂ ನೋಡಿರಲಿಲ್ಲ. ಆಮೇಲೆ ಒಳಗೆ ಹೋಗಿ ಅತ್ತಳು. ಅದಕ್ಕೂ ಅವನ ಮೇಲೆ ಸಿಟ್ಟು ಬಂತು.

ಏಪ್ರಿಲ್ 28, ಸೋಮವಾರ

ಬೆಳಿಗ್ಗೆ ನೇರ ಶೆಡ್ಡಿಗೆ ಹೋದೆ. ನನ್ನನ್ನು ಕಂಡದ್ದೇ ಮೇಸ್ತ್ರಿ ಪೊರಕೆ ಹಿಡಿದರು. ಕಿತ್ತು ಮೂಲೆಗೆಸೆದೆ.

"ಅವತ್ತು ಅಣ್ಣ ಬಂದಿದ್ದು ಯಾಕೆ ಹೇಳ್ಲಿಲ್ಲ? ನಾನು ಅಷ್ಟು ಬೈದ ದಿನ! ಮುಖ ನೋಡಲ್ಲ ಅಂದ ದಿನ! ನನ್ನ ಬಾಯಿ ಮುಚ್ಚಿಸೋ ಹಾಗೆ ಎದುರಿಗೆ ನಿಂತು ಹೇಳ್ಬಹುದಿತ್ತಲ್ಲ?"

ಅವರು ಬೆಂಚಿನ ಮೇಲಿನ ಸಿಪ್ಪೆಯನ್ನು ಕೈಯಲ್ಲೇ ಒರೆಸಿದರು.

"ಹೇಳಿದ್ರೆ ನಿಮ್ಮನ್ನ ಕಟ್ಟಿಹಾಕಿದ ಹಾಗಾಗ್ತಿತ್ತು ಅಕ್ಕಾ. ನಿಮಗೆ ಬೇಡ ಅನ್ನಿಸಿದ್ರೆ ಹೋಗೋಕೆ ಜಾಗ ಇರ್ಲಿ ಅಂತ ಸುಮ್ನಾದೆ."

ಜಾಗ! ಮತ್ತೆ ಜಾಗ ಬಿಟ್ಟಿದ್ದಾರೆ, ಮತ್ತೆ ನನ್ನನ್ನು ಒಂದು ಮಾತು ಕೇಳದೆ! ಎರಡು ಹೆಜ್ಜೆ ಮುಂದೆ ಹೋಗಿ ಇನ್ನೇನು ಬೈಯಬೇಕು, ಅಷ್ಟರಲ್ಲಿ ಅವರೇ ಬಾಯಿ ತೆರೆದರು.

"ನೀವೂ ಹೇಳ್ಲಿಲ್ಲವಲ್ಲ. ಮಹಡಿ ಹಾಲಿನ ಕೆಲಸ ಬೇಡ ಅಂದಿದ್ದು."

"ನಿಮಗೆ ಯಾರು ಹೇಳಿದ್ರು?"

"ಅಮ್ಮ."

ಅಮ್ಮ! ಮನೆಗೆ ಹೋಗಿ ಅವಳನ್ನು ವಿಚಾರಿಸಿಕೊಳ್ಳಬೇಕು. ಮೂಗು ಯಾಕೋ ಕಟ್ಟಿಕೊಂಡಿತು, ಮರದ ಪುಡಿಯಿರಬೇಕು. ಅಷ್ಟು ಗುಡಿಸಿದರೂ ಪುಡಿ.

ಮಹಡಿಯ ಹಾಲ್ ಅಂತೂ ಶೋರೂಮಿಗೆ ಹೋಯಿತು. ನಮಗಿರುವುದು ಕ್ಲಿನಿಕ್ಕಿನ ಬೆಂಚು. ಅದು ಮುಗಿದ ಮೇಲೆ ಏನು ಎಂದು ನನಗೂ ಗೊತ್ತಿಲ್ಲ, ಅವರಿಗೂ ಗೊತ್ತಿಲ್ಲ. ಕೆಲಸವಾದರೂ ಶುರು ಮಾಡೋಣ ಎಂದು ಬೆಂಚಿನ ಚೌಕಟ್ಟು ಅಳೆಯಲು ಕೂತೆವು. ಟೇಪಿನ ಆ ತುದಿ ಅವರು ಹಿಡಿದರು, ಈ ತುದಿ ನಾನು.

"ಒಂದು ಮಾತು ಅಕ್ಕಾ" ಅಂದರು. ಸೀಟು ಕೂರಿಸಿ ನೋಡೋಣ್ವಾ ಅಂದದ್ದು ಬಿಟ್ಟರೆ, ಕೆಲಸಕ್ಕೆ ಮೊದಲು ತಾವಾಗಿಯೇ ಕೇಳಿದ್ದು ಇದೇ ಎರಡನೆಯ ಸಲ. "ಬಟ್ಟೆಗೆ ಜಾಗ ಈ ಸಲ ಯಾರು ಬಿಡೋದು?"

"ನಾನು" ಅಂದೆ. ಅದೇ ಉಸಿರಿನಲ್ಲಿ ಅವರೂ "ನಾನು" ಅಂದರು.

ಅಲ್ಲಿಗೆ ಮತ್ತೆ ಜಗಳ. ಅದು ನನ್ನ ಕೆಲಸ ಎಂದು ನಾನು, ನಿಮಗೆ ಲೆಕ್ಕ ಹಾಕುವ ಕಷ್ಟ ಯಾಕೆ ಎಂದು ಅವರು. ದೇವರಾಣೆ, ಆ ಮನುಷ್ಯ ತಿರುಗಿ ವಾದ ಮಾಡಿದರು, ದನಿ ಎತ್ತಿ! ಓಣಿಯ ಕಿಟಕಿಗಳು ಮತ್ತೆ ತೆರೆದುಕೊಂಡವು. ಊಟದ ಹೊತ್ತಾದರೂ ತೀರ್ಮಾನವಾಗಲಿಲ್ಲ. ನಾಳೆ ಬೇಗ ಹೋಗಿ ಮುಂದುವರಿಸಬೇಕು.